ಕೆಂಪು ದಾರದ ಹೊಲಿಗೆ

ಟೈಲರಮ್ಮನಿಗೆ ಇದ್ದ ಜಂಬ ಒಂದೇ ಒಂದು. ಆದರೆ ಅದು ಮನೆ ತುಂಬುವಷ್ಟು ದೊಡ್ಡದು. ಮೂವತ್ತೆಂಟು ವರ್ಷ ಮಿಷನ್ ತುಳಿದಿದ್ದಾಳೆ, ತಾನು ಹಾಕಿದ ಹೊಲಿಗೆ ಬಿಟ್ಟಿತೆಂದು ಒಬ್ಬರೂ ಅವಳ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಅಳತೆ ಸರಿಯಿಲ್ಲ ಎಂದು ಬಂದವರಿದ್ದಾರೆ, ಅದು ಅವರು ದಪ್ಪಗಾದ ತಪ್ಪು. ಬಣ್ಣ ಹೋಯಿತು ಎಂದು ಬಂದವರಿದ್ದಾರೆ, ಅದು ಬಟ್ಟೆ ಮಾರಿದವನ ತಪ್ಪು. ಹೊಲಿಗೆ ಮಾತ್ರ ಬಿಟ್ಟದ್ದಿಲ್ಲ. ಬಿಡುವುದು ಹಾಗಿರಲಿ, ಅದು ಯಾರ ಕಣ್ಣಿಗೂ ಬೀಳುತ್ತಲೂ ಇರಲಿಲ್ಲ. "ಕಣ್ಣಿಗೆ ಕಂಡ್ರೆ ಅದು ಹೊಲಿಗೆ ಅಲ್ಲ, ತೇಪೆ" ಎನ್ನುತ್ತಿದ್ದಳು. ಮೊಣಕಾಲು ನೋವು ಶುರುವಾದ ಮೇಲೆ ಅಂಗಡಿ ಮುಚ್ಚಿ ಮಿಷನ್ನನ್ನು ಮನೆಯ ಕಿಟಕಿಯ ಪಕ್ಕಕ್ಕೆ ತಂದಿಟ್ಟುಕೊಂಡಿದ್ದಳು. ಆದರೂ ಬೀದಿಯ ಬಸುರಿಯರೆಲ್ಲ ಬಟ್ಟೆ ಹಿಗ್ಗಿಸಿಕೊಳ್ಳಲು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಇಂಥವಳಿಗೆ ಸಿಕ್ಕ ಸೊಸೆ ಗೋಡೆ ಹತ್ತುವವಳು. ಹೊಟ್ಟೆಪಾಡಿಗಲ್ಲ, ಹೊಟ್ಟೆಪಾಡಿಗೆ ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಾರಕ್ಕೆ ಎರಡು ಸಂಜೆ ಹಳೆಯ ಗೋದಾಮೊಂದಕ್ಕೆ ಹೋಗಿ, ಮೂರು ಅಂತಸ್ತು ಎತ್ತರದ ಗೋಡೆಗೆ ಮೆತ್ತಿದ ಬಣ್ಣಬಣ್ಣದ ಉಬ್ಬುಗಳನ್ನು ಹಿಡಿದು ಮೇಲೆ ಹತ್ತಿ, ಮತ್ತೆ ಕೆಳಗೆ ಇಳಿದು ಬರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿದ ಟೈಲರಮ್ಮ, "ಯಾಕೆ, ಆ ಕಟ್ಟಡಕ್ಕೆ ಮೆಟ್ಟಿಲಿಲ್ವಾ?" ಎಂದು ಕೇಳಿದ್ದಳು. ತಮಾಷೆಗೆ ಕೇಳಿದ್ದಲ್ಲ.

ಆರು ವರ್ಷ ಕಾದ ಮೇಲೆ ಸೊಸೆ ಬಸುರಿಯಾದಳು. ಸದ್ಯ, ಇನ್ನಾದರೂ ಈ ಕೋತಿಚೇಷ್ಟೆ ನಿಲ್ಲುತ್ತದೆ ಎಂದುಕೊಂಡು ಟೈಲರಮ್ಮ ಸೊಸೆಯ ಜೊತೆ ತಾನೂ ಆಸ್ಪತ್ರೆಗೆ ಹೊರಟಳು. ಡಾಕ್ಟರಮ್ಮ ಚೆನ್ನಾಗಿ ಉಗಿಯಲಿ, ತಾನು ಪಕ್ಕದಲ್ಲಿ ಕೂತು ತಲೆಯಾಡಿಸಬಹುದು ಎಂಬ ಆಸೆ. ಆದರೆ ಡಾಕ್ಟರಮ್ಮ ಉಗಿಯಲಿಲ್ಲ. ಎಷ್ಟು ವರ್ಷದಿಂದ ಹತ್ತುತ್ತೀಯ, ಹೇಗೆ ಹತ್ತುತ್ತೀಯ, ಬಿದ್ದರೆ ಏನಾಗುತ್ತದೆ ಎಂದೆಲ್ಲ ಕೇಳಿ, ಪರೀಕ್ಷೆಯ ಕಾಗದಗಳನ್ನು ಎರಡೆರಡು ಸಲ ತಿರುವಿಹಾಕಿ, ಕೊನೆಗೆ ಹೇಳಿದಳು.

"ಎಲ್ರಿಗೂ ಈ ಮಾತು ಹೇಳಲ್ಲ ನಾನು. ನೀನು ಹತ್ತು ವರ್ಷದಿಂದ ಮಾಡ್ತಿದೀಯ, ಮೈ ಚೆನ್ನಾಗಿದೆ, ಅದಕ್ಕೆ ಹೇಳ್ತಿದೀನಿ. ಹೊಸ ಸಾಹಸ ಏನೂ ಬೇಡ. ಮೇಲಿಂದ ಹಗ್ಗ ಇದ್ದೇ ಇರ್ಬೇಕು, ಬೀಳೋ ಅಂಥದ್ದು ಯಾವುದೂ ಬೇಡ. ಸೊಂಟದ ಬೆಲ್ಟ್ ಬಿಟ್ಬಿಡು, ಹೊಟ್ಟೆ ಒತ್ತತ್ತೆ. ಭುಜದ ಮೇಲಿಂದ ಪಟ್ಟಿ ಬರೋ ಪೂರ್ತಿ ಹಾರ್ನೆಸ್ಸೇ ಹಾಕ್ಕೋಬೇಕು. ಹತ್ತುವಾಗ ಮಾತಾಡೋಷ್ಟು ಉಸಿರಿರ್ಬೇಕು. ಮಾತು ನಿಂತ್ರೆ ಇಳಿದುಬಿಡು. ನೀರು ಕುಡೀತಾ ಇರು. ತಲೆಸುತ್ತು, ನೋವು, ರಕ್ತ, ಏನೇ ಕಂಡ್ರೂ ನೇರ ಇಲ್ಲಿಗೆ ಬಾ. ಮತ್ತೆ, ಒಂದು ದಿನ ನಿಂಗೇ ಬೇಡ ಅನ್ಸತ್ತೆ. ಅವತ್ತು ಹತ್ಬೇಡ."

"ಮಾತಿನ ಚಿಂತೆ ಬೇಡಿ ಡಾಕ್ಟ್ರೇ, ಇವಳು ನಿದ್ದೇಲೂ ಮಾತಾಡ್ತಾಳೆ" ಎಂದು ಟೈಲರಮ್ಮ ಮುಖ ಊದಿಸಿಕೊಂಡು ಎದ್ದಳು.

ಬೇಡವೆನ್ನಲು ಆಗದಿದ್ದರೆ ಕಾವಲಿಗಾದರೂ ಇರೋಣವೆಂದು ಅಂದಿನಿಂದ ಅವಳೂ ಗೋದಾಮಿಗೆ ಹೋಗತೊಡಗಿದಳು. ಕೈಚೀಲದಲ್ಲಿ ಸೂಜಿ, ದಾರ, ಕತ್ತರಿ, ಅಂಚು ಮಡಿಸಬೇಕಾದ ಬಟ್ಟೆ. ಗೋಡೆಯ ಎದುರಿನ ಬೆಂಚು ಅವಳದಾಯಿತು.

ಅಲ್ಲಿ ಸೊಸೆಯ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವನಿಗೆ ಎಲ್ಲರೂ ಗಂಟಪ್ಪ ಎನ್ನುತ್ತಿದ್ದರು. ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಪ್ರಾಯದಲ್ಲಿ ಹಗ್ಗಕ್ಕೆ ಜೋತುಬಿದ್ದು ಎತ್ತರದ ಕಟ್ಟಡಗಳ ಗಾಜು ಒರೆಸುತ್ತಿದ್ದವನು. ಯಾರೇ ನೆಲ ಬಿಡುವ ಮುಂಚೆ ಅವನದೊಂದು ಶಾಸ್ತ್ರ ನಡೆಯಲೇಬೇಕು. ಗಂಟು, ಕೊಕ್ಕೆ, ಬಕಲ್, ಹೊಲಿಗೆ ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ಹೆಸರು ಹೇಳುತ್ತಿದ್ದ. ಹತ್ತುವವರು "ನೋಡಿದೆ" ಎನ್ನಬೇಕು. ಐದು ನಿಮಿಷದ ಹಿಂದೆ ಇಳಿದವರು ಮತ್ತೆ ಹತ್ತುವುದಾದರೂ ಮೊದಲಿನಿಂದ ಎಲ್ಲ ಆಗಬೇಕು.

"ಹತ್ತು ವರ್ಷದಿಂದ ಹತ್ತೋಳ ಮೇಲೂ ಇಷ್ಟು ಅನುಮಾನಾನಾ?" ಎಂದು ಟೈಲರಮ್ಮ ಮೊದಲ ದಿನವೇ ಕೇಳಿದಳು.

"ಅನುಮಾನ ಅಲ್ಲಮ್ಮ, ಅಭ್ಯಾಸ" ಎಂದ ಗಂಟಪ್ಪ, ಅವಳ ಕಡೆ ತಿರುಗದೆ. ಟೈಲರಮ್ಮನಿಗೆ ಈ ಮನುಷ್ಯ ಅವತ್ತಿಗೇ ಹಿಡಿಸಲಿಲ್ಲ.

ಹಿಡಿಸಿದ್ದು ಬೇರೆಯೇ ಒಂದು. ಡಾಕ್ಟರಮ್ಮ ಹೇಳಿದ್ದರಿಂದ ಸೊಸೆ ಮಾತಾಡುತ್ತಲೇ ಹತ್ತಬೇಕಿತ್ತಲ್ಲ, ಹಾಗಾಗಿ ಗೋಡೆಯ ಮೇಲಿನಿಂದ ಅಂದಿನ ಸಮಾಚಾರವೆಲ್ಲ ಕೆಳಗಿಳಿಯುತ್ತಿತ್ತು. "ಅತ್ತೆ, ಇವತ್ತೊಬ್ರು ಬಂದು ಕನ್ನಡಕ ಕಳೆದಿದೆ ಅಂತ ಅರ್ಧ ಗಂಟೆ ಗೋಳಾಡಿದ್ರು!" "ಸಿಕ್ತಾ?" "ತಲೆ ಮೇಲೇ ಇತ್ತು!" ಕೆಳಗಿದ್ದವರೆಲ್ಲ ನಗುತ್ತಿದ್ದರು. ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಉಪ್ಪು ಕಡಿಮೆಯಾಯಿತು, ಬಾಗಿಲು ಹಾಕಿದೆಯಾ ಎನ್ನುವುದನ್ನು ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಆರು ವರ್ಷದಲ್ಲಿ ಆಡದ ಮಾತನ್ನು ಅವರಿಬ್ಬರೂ ಈ ಗೋಡೆಗೆ ಬಂದು ಆಡಿದರು. ಮೇಲೆ ತಲುಪಿದ ಸೊಸೆ ಒಂದು ಕೈ ಹೊಟ್ಟೆಯ ಮೇಲಿಟ್ಟು ಕೆಳಗೆ ನೋಡಿ ನಕ್ಕಾಗ ಟೈಲರಮ್ಮನ ಕಣ್ಣು ತುಂಬಿ ಬರುತ್ತಿತ್ತು. ಅದನ್ನು ಸೂಜಿ ಚುಚ್ಚಿದ್ದರ ಲೆಕ್ಕಕ್ಕೆ ಹಾಕಿ ಒರೆಸಿಕೊಳ್ಳುತ್ತಿದ್ದಳು.

ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಸೊಸೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುವಾಗ ಟೈಲರಮ್ಮನ ಕಣ್ಣಿಗೆ ಅದು ಬಿತ್ತು. ಎದೆಯ ಕೆಳಗೆ, ಹೊಟ್ಟೆ ಉಬ್ಬಲು ಶುರುವಾಗುವ ಜಾಗದಲ್ಲಿ, ಬೆರಳಗಲದ ಕೆಂಪು ಬರೆ.

"ಏನೇ ಇದು?"

"ಏನಿಲ್ಲ ಅತ್ತೆ. ಹಾರ್ನೆಸ್ಸಿನ ಹೊಲಿಗೆ ಸ್ವಲ್ಪ ಒತ್ತತ್ತೆ. ಹೊಸದಲ್ವಾ, ಮೆತ್ತಗಾಗತ್ತೆ."

ಸೊಸೆ ಕೆಲಸಕ್ಕೆ ಹೋದ ಮೇಲೆ ಟೈಲರಮ್ಮ ಹಾರ್ನೆಸ್ಸನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಭುಜದಿಂದ ಇಳಿಯುವ ಎರಡು ಕಪ್ಪು ಪಟ್ಟಿಗಳು ಎದೆಯ ಹತ್ತಿರ ಕೂಡುವಲ್ಲಿ, ಹಗ್ಗ ಕಟ್ಟುವ ಜಾಗದಲ್ಲಿ, ಒಂದರ ಮೇಲೊಂದು ಅಡ್ಡಡ್ಡ ಹೊಲಿಗೆ. ಬೆರಳುದ್ದದ ಜಾಗದಲ್ಲಿ ನೂರಾರು ಹೊಲಿಗೆ, ಗಂಟುಗಂಟು, ಒರಟು ಒರಟು. ಅದೂ ಯಾವ ದಾರದಲ್ಲಿ? ಕಪ್ಪು ಪಟ್ಟಿಗೆ ಕೆಂಪು ದಾರ! ನೋಡಿ ಟೈಲರಮ್ಮನ ಮೈ ಉರಿದುಹೋಯಿತು. ಇದನ್ನು ಹೊಲಿದವನು ತನ್ನ ಅಂಗಡಿಯಲ್ಲಿದ್ದಿದ್ದರೆ ಅವನ ಕೈಗೆ ಗುಂಡಿ ಹಚ್ಚುವ ಕೆಲಸವನ್ನೂ ಕೊಡುತ್ತಿರಲಿಲ್ಲ.

ಅವಳ ಕೈ ಸುಮ್ಮನಿರಲಿಲ್ಲ. ಆ ಮಧ್ಯಾಹ್ನ ಊಟವನ್ನೂ ಮರೆತು ಬ್ಲೇಡಿನ ತುದಿಯಿಂದ ಆ ಕೆಂಪು ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಪಟ್ಟಿಗಳನ್ನು ಚಪ್ಪಟೆಯಾಗಿ ಒತ್ತಿ, ತನ್ನ ಹತ್ತಿರವಿದ್ದ ಒಳ್ಳೆಯ ಕಪ್ಪು ದಾರದಲ್ಲಿ, ನುಣ್ಣಗೆ, ಎರಡು ಸಾಲು ಹೊಲಿದಳು. ಸೂಜಿ ಎರಡು ಸಲ ಮುರಿಯಿತು, ಅವಳು ಬಿಡಲಿಲ್ಲ. ಹೊಲಿದ ಮೇಲೆ ಅದಕ್ಕೆ ತೊಳೆದು ತೊಳೆದು ಬೆಣ್ಣೆಯಂತಾದ ದಿಂಬಿನ ಹೊದಿಕೆಯಿಂದ ಒಂದು ಕವಚ ಮಾಡಿ, ಸುತ್ತಲೂ ಮುಚ್ಚಿದಳು. ಬೆರಳಾಡಿಸಿ ನೋಡಿದಳು. ಎಲ್ಲಿಯೂ ಗಂಟಿಲ್ಲ, ಎಲ್ಲಿಯೂ ಒರಟಿಲ್ಲ, ಹೊಲಿಗೆಯೇ ಕಾಣುವುದಿಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಸೊಸೆಗೆ ಹೇಳಲಿಲ್ಲ, ಅಲ್ಲೇ ನೋಡಿ ಹಿಗ್ಗಲಿ ಎಂದು ಚೀಲಕ್ಕೆ ತುಂಬಿದಳು.

ಸಂಜೆ ಗೋಡೆಯ ಮುಂದೆ ಸೊಸೆ ಹಾರ್ನೆಸ್ ತೊಟ್ಟು, ಎದೆಯ ಹತ್ತಿರದ ಮೆತ್ತನೆಯ ಬಟ್ಟೆಯನ್ನು ಮುಟ್ಟಿ ನೋಡಿ, ಅಲ್ಲೇ ನಿಂತುಬಿಟ್ಟಳು.

"ಅತ್ತೆ, ಇದು ನೀವಾ?"

"ಮತ್ತಿನ್ಯಾರು? ಒತ್ತತ್ತಾ ಈಗ?"

"ಇಲ್ಲವೇ ಇಲ್ಲ" ಎಂದು ಸೊಸೆ ಅವಳ ಕೈ ಹಿಡಿದು ಒತ್ತಿದಳು. ಟೈಲರಮ್ಮ ಬೆಂಚಿಗೆ ಹೋಗಿ ಕಾಲ ಮೇಲೆ ಕಾಲು ಹಾಕಿ ಕುಳಿತಳು. ಮೊಣಕಾಲು ನೋವು ಕೂಡ ಅವತ್ತು ರಜೆ ಹಾಕಿತ್ತು.

ಗಂಟಪ್ಪ ಬಂದ. ಹೆಬ್ಬೆರಳು ಹೊರಟಿತು. "ಗಂಟು." "ನೋಡಿದೆ." "ಕೊಕ್ಕೆ." "ನೋಡಿದೆ." "ಬಕಲ್." "ನೋಡಿದೆ." ಹೆಬ್ಬೆರಳು ಬಟ್ಟೆಯ ಮೇಲೆ ಬಂದು ನಿಂತಿತು.

"ಇದನ್ನ ಬಿಚ್ಬೇಕು."

"ಯಾಕ್ರೀ?" ಎಂದಳು ಟೈಲರಮ್ಮ ಬೆಂಚಿನಿಂದಲೇ. "ಬರೀ ಬಟ್ಟೆ ಅದು. ಕಚ್ಚತ್ತಾ ನಿಮಗೆ?"

"ಒಳಗಿರೋ ಹೊಲಿಗೆ ಕಾಣಲ್ಲ."

"ನಾನು ನೋಡಿದೀನಿ."

"ನಾನು ನೋಡಿಲ್ಲ."

ಸೊಸೆಗೆ ಮುಜುಗರವಾಯಿತು. "ಇರ್ಲಿ ಬಿಡಿ, ನಮ್ಮತ್ತೆ ತಾನೇ ಹಾಕಿದ್ದು" ಎಂದಳು ಮೆಲ್ಲಗೆ. ಗಂಟಪ್ಪ ಬಿಡಲಿಲ್ಲ. ಹಿಂದೆ ಯಾರೋ ಕಾಯುತ್ತಿದ್ದರು, ಅವರಿಗೂ ಬೇಸರ ಬರುವಷ್ಟು ನಿಧಾನವಾಗಿ, ಕೈ ಜಾರದಿರಲೆಂದು ಹಚ್ಚಿಕೊಳ್ಳುವ ಬಿಳಿ ಪುಡಿ ಮೆತ್ತಿದ ಬೆರಳುಗಳಿಂದ ಕವಚದ ಅಂಚನ್ನು ಬಿಡಿಸತೊಡಗಿದ. ತನ್ನ ಕೆಲಸದ ಮೇಲೆ ಪರರು ಉಗುರು ಹಾಕಿದ್ದನ್ನು ಟೈಲರಮ್ಮ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಎದ್ದು ಬಂದು ಅವನೆದುರು ನಿಂತಳು. ಬಟ್ಟೆ ಸರಿಯಿತು. ಗಂಟಪ್ಪನ ಹೆಬ್ಬೆರಳು ಅಲ್ಲಿಗೆ ಹೋಯಿತು, ಇಲ್ಲಿಗೆ ಬಂತು, ಮತ್ತೆ ಅಲ್ಲಿಗೆ ಹೋಯಿತು.

"ಕೆಂಪು ದಾರ ಎಲ್ಲಿ?"

"ತೆಗೆದುಬಿಟ್ಟೆ!" ಎಂದಳು ಟೈಲರಮ್ಮ, ಗೋದಾಮಿಗೆಲ್ಲ ಕೇಳುವಂತೆ. "ಕಪ್ಪು ಪಟ್ಟಿಗೆ ಕೆಂಪು ದಾರ, ಯಾವ ಅರೆಬರೆ ಟೈಲರ್ ಹೊಲಿದಿದ್ದೋ ಏನೋ. ಪೂರ್ತಿ ಬಿಚ್ಚಿ ನಾನೇ ಹೊಲಿದೆ. ಈಗ ಹೊಲಿಗೆ ಎಲ್ಲಿದೆ ಹುಡುಕಿ ನೋಡೋಣ!"

ಯಾರೂ ನಗಲಿಲ್ಲ. ಪಕ್ಕದ ಗೋಡೆಯಲ್ಲಿ ಹತ್ತುತ್ತಿದ್ದವರು ಕೂಡ ತಿರುಗಿ ನೋಡಿದರು. ಸೊಸೆಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳು ಗಂಟು ಬಿಚ್ಚಿ, ಹಾರ್ನೆಸ್ ಕಳಚಿ, ಗಂಟಪ್ಪನ ಕೈಗೆ ಕೊಟ್ಟಳು.

"ಇದರಲ್ಲಿ ಹತ್ತೋದು ಬೇಡ" ಎಂದ ಗಂಟಪ್ಪ.

"ಏನು ಬೇಡ? ನನ್ನ ಹೊಲಿಗೆ ಬಿಡಲ್ಲ ರೀ! ಮೂವತ್ತೆಂಟು ವರ್ಷ ಆಯ್ತು!" ಟೈಲರಮ್ಮ ಅವನಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಬಿಡತ್ತೆ ಅಂತಾದ್ರೆ ತೋರಿಸಿ ನನಗೆ!"

ಗಂಟಪ್ಪ ಅವಳ ಮುಖವನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿದ. ಹೊಸಬರಿಗೆ ಹಗ್ಗ ಹಿಡಿಯುವುದನ್ನು ಕಲಿಸಲು ಅಲ್ಲೊಂದು ಮರಳಿನ ಮೂಟೆ ಇರುತ್ತಿತ್ತು, ಸುಮಾರು ಒಬ್ಬ ಹೆಂಗಸಿನ ತೂಕದ್ದು. ಅದಕ್ಕೆ ಹಾರ್ನೆಸ್ ಬಿಗಿದು, ಎದೆಯ ಜಾಗಕ್ಕೆ ಹಗ್ಗ ಕಟ್ಟಿ, ಆಳುದ್ದ ಮೇಲೆತ್ತಿದ. ಹಗ್ಗವನ್ನು ಮೊಳದಷ್ಟು ಸಡಿಲ ಬಿಟ್ಟು ಜಗ್ಗಿ ಹಿಡಿದ. ಮೂಟೆ ಕುಲುಕಿ ನಿಂತಿತು. ಹೊಲಿಗೆ ಅಲ್ಲಾಡಲಿಲ್ಲ.

"ಕಂಡ್ರಾ?" ಎಂದು ಟೈಲರಮ್ಮ ಸುತ್ತ ನೋಡಿದಳು.

ಗಂಟಪ್ಪ ಎರಡನೇ ಸಲ ಸಡಿಲ ಬಿಟ್ಟ.

ಟರ್ರ್ ಎಂದಿತು. ಎಷ್ಟೋ ಹಳೆಯ ಬಟ್ಟೆಗಳನ್ನು ಬಿಚ್ಚಿ ಹರಿದವಳು ಟೈಲರಮ್ಮ, ಆ ಸದ್ದು ಅವಳಿಗೆ ಹೊಸದಲ್ಲ. ಮೂಟೆ ಧಪ್ಪೆಂದು ನೆಲಕ್ಕೆ ಬಿತ್ತು. ಪಟ್ಟಿಯ ತುದಿಗಳು ಮೂಟೆಯ ಮೇಲೆ ಬೇರೆ ಬೇರೆಯಾಗಿ ಬಿದ್ದಿದ್ದವು, ಹಗ್ಗ ಖಾಲಿಯಾಗಿ ನೇತಾಡುತ್ತಿತ್ತು.

ಟೈಲರಮ್ಮ ಇದ್ದಲ್ಲೇ ಕುಸಿದು ಕುಳಿತಳು. ಕಣ್ಣು ಮೂಟೆಯ ಮೇಲಿತ್ತು. ಆದರೆ ಕಾಣುತ್ತಿದ್ದದ್ದು ಮೂಟೆಯಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟು, ಕೆಳಗೆ ನೋಡಿ ನಗುವ ಮುಖ. ಅಳು ಬಂತು. ಮಗುವಿನಂತೆ, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತಳು.

ಸೊಸೆ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಕುಳಿತಳು.

"ಅತ್ತೆ, ಇಲ್ಲಿ ನೋಡಿ. ನಾನಿಲ್ಲೇ ಇದೀನಿ. ನೆಲದ ಮೇಲಿದೀನಿ."

"ನನ್ನ ಕೈಯಾರೆ ಕಣೇ... ನನ್ನ ಕೈಯಾರೆ..."

"ನನಗೆ ನೋವಾಗ್ಬಾರ್ದು ಅಂತ ಮಾಡಿದ್ರಿ, ಗೊತ್ತು ನಂಗೆ. ಆದ್ರೆ ಇನ್ಮೇಲೆ ನನ್ನ ಕೇಳದೆ ಏನೂ ಮಾಡ್ಬೇಡಿ." ಸೊಸೆಯ ಧ್ವನಿ ಗಟ್ಟಿಯಾಗಿತ್ತು. "ಮತ್ತೆ ತಪ್ಪು ನಂದೂ ಇದೆ. ನೀವು ಹಾಕಿದ್ದು ಅಂತ ತೆಗೆದು ನೋಡ್ಲೇ ಇಲ್ಲ. ಇರ್ಲಿ ಬಿಡಿ ಅಂದೆನಲ್ಲ, ನಾನೇ ಅಂದೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸ್ವಲ್ಪ ಹೊತ್ತು ನೆಲದ ಮೇಲೆಯೇ ಕುಳಿತಿದ್ದರು. ಗಂಟಪ್ಪ ಎರಡು ಲೋಟ ನೀರು ತಂದಿಟ್ಟು, ದೂರ ಹೋಗಿ ಹಗ್ಗ ಸುತ್ತುವ ನೆಪದಲ್ಲಿ ನಿಂತ. ಅಳು ನಿಂತ ಮೇಲೆ ಟೈಲರಮ್ಮ ಮೂಗು ಒರೆಸಿಕೊಂಡು ಅವನ ಹತ್ತಿರ ಹೋದಳು.

"ಕೆಂಪು ದಾರ ಯಾಕೆ ಹಾಕ್ತಾರೆ?"

"ಕಣ್ಣಿಗೆ ಬೀಳ್ಲಿ ಅಂತ" ಎಂದ ಗಂಟಪ್ಪ. "ಒಂದು ಎಳೆ ಸವೆದ್ರೂ ಗೊತ್ತಾಗ್ಬೇಕಲ್ಲ. ಅಷ್ಟು ಒತ್ತೊತ್ತಾಗಿ ಹೊಲಿಯೋದು, ಆಳು ತೂಕ ಬಿದ್ರೂ ತಡೀಲಿ ಅಂತ. ನಿಮ್ಮ ಹೊಲಿಗೆ ಕೆಟ್ಟದ್ದಲ್ಲಮ್ಮ. ಅದು ಬಟ್ಟೆ ಹೊಲಿಗೆ."

"ದಿನಾ ನೂರು ಸಲ ಅದನ್ನೇ ಮುಟ್ಟಿ ಮುಟ್ಟಿ ನೋಡ್ತೀರಲ್ಲ, ಬೇಜಾರಾಗಲ್ವಾ?"

"ಆಗತ್ತೆ" ಎಂದ. "ಬೇಜಾರಾದ ದಿನ ಇನ್ನೊಂದು ಸಲ ನೋಡ್ತೀನಿ."

ಟೈಲರಮ್ಮ ಕೈ ಮುಗಿಯಲು ಹೋದಳು. ಅವನು ಬೇಡವೆನ್ನುತ್ತ ಒಂದು ಹೆಜ್ಜೆ ಹಿಂದೆ ಸರಿದ. ಕೆಟ್ಟ ಹಾರ್ನೆಸ್ಸನ್ನು ಹಾಗೇ ಬಿಸಾಡುವ ಹಾಗಿಲ್ಲ, ತಿಳಿಯದೆ ಇನ್ನೊಬ್ಬರು ತೊಟ್ಟುಕೊಂಡಾರು, ತುಂಡು ಮಾಡಿಯೇ ಎಸೆಯಬೇಕು ಎಂದ. "ನಾನೇ ಮಾಡ್ತೀನಿ" ಎಂದು ಟೈಲರಮ್ಮ ಚೀಲದಿಂದ ಕತ್ತರಿ ತೆಗೆದಳು. ಮಾಡಿದ ಕೆಲಸವನ್ನು ತಾನೇ ಕತ್ತರಿಸುವುದು ಇದೇ ಮೊದಲು. ಪಟ್ಟಿ ದಪ್ಪವಾಗಿತ್ತು, ಕೈ ನೊಂದಿತು, ಆದರೂ ಒಂದೊಂದು ಗೇಣಿಗೆ ಒಂದರಂತೆ ಕೊನೆಯವರೆಗೂ ಕತ್ತರಿಸಿದಳು.

ಆ ರಾತ್ರಿ ಊಟಕ್ಕೆ ಕುಳಿತಾಗ, ಬಸ್ ಓಡಿಸಿ ದಣಿದು ಬಂದಿದ್ದ ಮಗನಿಗೆ ಅವಳೇ ಎಲ್ಲವನ್ನೂ ಹೇಳಿದಳು, ಒಂದು ಅಕ್ಷರ ಬಿಡದೆ. ಅವನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೂತಿದ್ದ. ಕೊನೆಗೆ "ಆ ಯಜಮಾನರನ್ನ ನಾನೊಂದ್ಸಲ ನೋಡ್ಬೇಕಮ್ಮ" ಎಂದಷ್ಟೇ ಹೇಳಿದ.

ಹೊಸ ಹಾರ್ನೆಸ್ ಬರಲು ಎರಡು ವಾರ ಹಿಡಿಯಿತು. ಈ ಸಲ ಸೊಸೆ ಒಳಗೆ ತೊಡುವ ಅಂಗಿಯ ಮೇಲೆ ಮೆತ್ತನೆಯ ಬಟ್ಟೆಯ ತುಂಡೊಂದನ್ನು ಇಟ್ಟು ಹೊಲಿದು ಕೊಟ್ಟಳು ಟೈಲರಮ್ಮ. ಒತ್ತುವುದೂ ತಪ್ಪಿತು, ಹಾರ್ನೆಸ್ಸಿನ ಹೊಲಿಗೆಗೆ ಕೈ ಹಾಕುವುದೂ ತಪ್ಪಿತು. ಸೊಸೆಯನ್ನು ಕೇಳಿ, ಗಂಟಪ್ಪನಿಗೂ ತೋರಿಸಿದ ಮೇಲೆಯೇ ಮಾಡಿದ್ದು. ಗಂಟಪ್ಪನ ಸರದಿ ಮುಗಿದ ಮೇಲೆ ತನ್ನದೂ ಒಂದು ಸರದಿ ಬೇಕೆಂದು ಹಟ ಹಿಡಿದಳು. ಕೆಂಪು ಹೊಲಿಗೆಯ ಮೇಲೆ ಅವಳ ಬೆರಳು ಹೋಗುತ್ತಿತ್ತು. "ಹೊಲಿಗೆ." "ನೋಡಿದೆ." "ನಾನೂ ನೋಡಿದೆ." ಅದಾದ ಮೇಲೆಯೇ ಸೊಸೆ ನೆಲ ಬಿಡುತ್ತಿದ್ದಳು. ಒಂದು ಕಾಲದಲ್ಲಿ ಅಸಹ್ಯವೆನಿಸಿದ್ದ ಆ ಒರಟು ಕೆಂಪು ಸಾಲುಗಳನ್ನು ಮುಟ್ಟುವಾಗೆಲ್ಲ, ಇದನ್ನು ಹೊಲಿದ, ತಾನೆಂದೂ ಕಾಣದ ಆ ಕೈ ತಣ್ಣಗಿರಲಿ ಎಂದು ಟೈಲರಮ್ಮ ಮನಸ್ಸಿನಲ್ಲೇ ಹಾರೈಸುತ್ತಿದ್ದಳು.

ಏಳನೇ ತಿಂಗಳು ಮುಗಿಯುವ ಹೊತ್ತಿಗೆ ಒಂದು ಸಂಜೆ, ಎಲ್ಲ ನೋಡಿ ಆದ ಮೇಲೆ, ಸೊಸೆ ಎರಡು ಉಬ್ಬು ಹತ್ತಿ ನಿಂತಳು. ಮಾತು ನಿಂತಿರಲಿಲ್ಲ, ಉಸಿರೂ ಚೆನ್ನಾಗಿಯೇ ಇತ್ತು. "ಅತ್ತೆ, ಇವತ್ತು ಬೇಡ ಅನ್ನಿಸ್ತಿದೆ" ಎಂದಳು. "ಇಳಿ ಹಾಗಾದ್ರೆ" ಎಂದಳು ಟೈಲರಮ್ಮ. ಗಂಟಪ್ಪ ಹಗ್ಗ ಬಿಡುತ್ತ ಬಂದ, ಸೊಸೆ ಮೆಲ್ಲಗೆ ನೆಲಕ್ಕೆ ಕಾಲಿಟ್ಟಳು. ಯಾಕೆ ಏನು ಎಂದು ಯಾರೂ ಕೇಳಲಿಲ್ಲ. ಮೂವರೂ ಬೆಂಚಿನ ಮೇಲೆ ಕುಳಿತು ಚಹಾ ಕುಡಿದು ಎದ್ದರು.

ಮಗು ದಿನ ತುಂಬಿಯೇ ಹುಟ್ಟಿತು. ಹೆಣ್ಣು. ಬೆರಳು ಕೊಟ್ಟರೆ ಬಿಡದೆ ಹಿಡಿಯುತ್ತಿತ್ತು. "ಇದೂ ಗೋಡೆಗೇ ಸೈ" ಎಂದು ಟೈಲರಮ್ಮ ಗೊಣಗಿದಳು, ಮುಖದ ತುಂಬ ನಗು.

ಮೂರು ತಿಂಗಳಾದ ಮೇಲೆ ಅತ್ತೆ ಸೊಸೆ ಮಗುವನ್ನು ಎತ್ತಿಕೊಂಡು ಗೋದಾಮಿಗೆ ಹೋದರು. ಎಲ್ಲರೂ ಸುತ್ತ ನೆರೆದು ಮಗುವನ್ನು ಮಾತಾಡಿಸುತ್ತಿದ್ದಾಗ ಟೈಲರಮ್ಮ ಗಂಟಪ್ಪನನ್ನು ಪಕ್ಕಕ್ಕೆ ಕರೆದಳು. ಚೀಲದಿಂದ ಅಂಗೈಯಗಲದ ಒಂದು ಫ್ರಾಕ್ ತೆಗೆದಳು. ಬಿಳಿ ಹತ್ತಿಬಟ್ಟೆ. ತೋಳು, ಕುತ್ತಿಗೆ, ಅಂಚು, ಎಲ್ಲ ಹೊಲಿಗೆಯೂ ಕೆಂಪು ದಾರದಲ್ಲಿ, ಹೊರಮೈ ಮೇಲೆ, ಹತ್ತು ಹೆಜ್ಜೆ ದೂರದಿಂದಲೂ ಎಣಿಸಬಹುದಾದಂತೆ ಇತ್ತು.

"ಮಗೂಗೆ ನಾನು ಹೊಲಿದ ಮೊದಲನೇ ಬಟ್ಟೆ" ಎಂದಳು. "ಇನ್ನೂ ತೊಡಿಸಿಲ್ಲ. ನೀವು ನೋಡ್ಬೇಕು ಅಂತ ಇಟ್ಕೊಂಡಿದೀನಿ."

ಗಂಟಪ್ಪ ಕೈ ಒರೆಸಿಕೊಂಡು ಫ್ರಾಕನ್ನು ಇಸಿದುಕೊಂಡ. ತಮಾಷೆ ಮಾಡಲಿಲ್ಲ. ಹಾರ್ನೆಸ್ಸನ್ನು ನೋಡುವಂತೆಯೇ, ಒಳಗೆ ಹೊರಗೆ ತಿರುವಿ, ಹೆಬ್ಬೆರಳನ್ನು ಹೊಲಿಗೆಯ ಉದ್ದಕ್ಕೂ ಎಳೆಯುತ್ತ ಬಂದ. ಕುತ್ತಿಗೆ ಆಯಿತು, ಬಲತೋಳು ಆಯಿತು. ಎಡತೋಳಿನ ಕಂಕುಳ ಹತ್ತಿರ ಹೆಬ್ಬೆರಳು ನಿಂತಿತು.

"ಇಲ್ಲೊಂದು ಹೊಲಿಗೆ ತಪ್ಪಿದೆ."

ಸೊಸೆ ಅಲ್ಲಿಂದಲೇ ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ಟೈಲರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಹೌದು, ಒಂದು ಹೊಲಿಗೆ ಹಾರಿತ್ತು.

"ಸಿಕ್ತಲ್ಲ ಸದ್ಯ" ಎಂದಳು. ಕಣ್ಣು ತುಂಬಿಕೊಂಡಿತ್ತು, ಈ ಸಲ ಸೂಜಿಯ ಮೇಲೆ ಹಾಕಲಿಲ್ಲ. "ನೀವಿದ್ರಲ್ಲ, ನನ್ನ ಪುಣ್ಯ."

ಬೆಂಚಿನ ಮೇಲೆ ತನ್ನ ಹಳೆಯ ಜಾಗದಲ್ಲಿ ಕುಳಿತು, ಸೂಜಿಗೆ ಕೆಂಪು ದಾರ ಪೋಣಿಸಿಕೊಂಡು, ಆ ಒಂದು ಹೊಲಿಗೆ ಹಾಕಿದಳು. ಗಂಟಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಗಂಟು ಹಾಕಿ, ದಾರ ಕತ್ತರಿಸಿ, ಫ್ರಾಕನ್ನು ಮತ್ತೆ ಅವನ ಕೈಗೆ ಕೊಟ್ಟಳು.

"ಇನ್ನೊಂದ್ಸಲ ಮೊದಲಿಂದ ನೋಡ್ಬಿಡಿ" ಎಂದಳು.